ಮೊಲದ ಕಿಸೆಯ ಬೆಕ್ಕು

"ಇದು ಮೊಲದ ತಲೆಯಾ, ನಿಮ್ಮ ಜುಮಾದ ಟೊಪ್ಪಿಯಾ?" ಎಂದು ಹೆಂಡತಿ ಸಬೀನಾ ಕೇಳಿದಾಗ ಮೊಯಿದಿನಬ್ಬ ತಾನು ಹೆಣೆದದ್ದನ್ನು ತಿರುಗಿಸಿ ನೋಡಿದ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೂರು ಸಂಜೆ ಕೂತು ಬಿಳಿ ಉಲ್ಲನ್ನಿನಲ್ಲಿ ಹೆಣೆದ ಮೊಲದ ತಲೆ ನೆತ್ತಿಯಲ್ಲಿ ಚಪ್ಪಟೆಯಾಗಿ, ಪಕ್ಕದಲ್ಲಿ ನೆಟ್ಟಗೆ ಇಳಿದು, ಕೆಳಗೆ ಬಾಯಿ ತೆರೆದುಕೊಂಡು ಅವನ ಮೊಣಕಾಲಿನ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಎರಡು ಕಿವಿ ಹೊಲಿದರೆ ಕಿವಿಯಿರುವ ಟೊಪ್ಪಿಯಾಗುತ್ತಿತ್ತೇ ಹೊರತು ಮೊಲವಾಗುತ್ತಿರಲಿಲ್ಲ.

ತಪ್ಪು ಅವನದಲ್ಲ, ಅವನ ಕೈಯದು. ಉಪ್ಪಿನಂಗಡಿಯಲ್ಲಿ ಅವನ ತಾಯಿ ಮೈಮೂನಮ್ಮ ಕ್ರೋಶಾ ಕಡ್ಡಿಯಲ್ಲಿ ನಮಾಜಿನ ಟೊಪ್ಪಿ ಹೆಣೆದು ಮಂಗಳೂರಿನ ಅಂಗಡಿಗಳಿಗೆ ಕಳಿಸುತ್ತಿದ್ದವಳು. ಏಳನೇ ವಯಸ್ಸಿನಲ್ಲಿ ಜ್ವರ ಹಿಡಿದು ಹಟ ಮಾಡುತ್ತಿದ್ದ ಮಗನನ್ನು ಸುಮ್ಮನಿರಿಸಲು ಅವನ ಕೈಗೂ ಒಂದು ಕಡ್ಡಿ ಕೊಟ್ಟಳು. ಜ್ವರ ಬಿಟ್ಟಿತು, ಕಡ್ಡಿ ಬಿಡಲಿಲ್ಲ. ನಡುವೆ ಒಂದು ಸಣ್ಣ ಸುತ್ತು, ಸುತ್ತು ಸುತ್ತಿಗೂ ಕುಣಿಕೆ ಹೆಚ್ಚಿಸುತ್ತ ನೆತ್ತಿಯಷ್ಟು ಅಗಲ, ಅಲ್ಲಿಂದ ನೇರ ಕೆಳಕ್ಕೆ. ನಲವತ್ತು ವರ್ಷಗಳಲ್ಲಿ ಆ ಕೈ ಕಲಿತದ್ದು ಈ ಒಂದೇ ದಾರಿ. ಗಲ್ಫಿನ ತಾಯಿಫ್ ಊರಿನ ಆಸ್ಪತ್ರೆಯೊಂದರಲ್ಲಿ ಸ್ಟೋರ್ ಕೀಪರ್ ಆದಮೇಲೂ ಉಮ್ರಾ ಯಾತ್ರೆಗೆ ಹೊರಟ ಗೆಳೆಯರಿಗೆಲ್ಲ ಅವನದೇ ಟೊಪ್ಪಿ. ಟೊಪ್ಪಿಗೆ ಬಾಯಿ ಮುಚ್ಚುವ ಕೆಲಸವೇ ಇಲ್ಲ. ಮೊಲದ ತಲೆಗಾದರೆ ಹೆಚ್ಚಿಸಿದಷ್ಟೇ ತಾಳ್ಮೆಯಿಂದ ಕಡಿಮೆ ಮಾಡುತ್ತ ಬರಬೇಕು. ಅದು ಅವನಿಗೆ ಬರುತ್ತಿರಲಿಲ್ಲ.

ಬಾಗಿಲ ಪರದೆಯ ಹಿಂದೆ ಯಾರೋ ಕಿಸಕ್ಕೆಂದರು. ಪರದೆಯ ಕೆಳಗೆ ಎರಡು ಪುಟ್ಟ ಪಾದಗಳು ಕಂಡವು. ಮೊಯಿದಿನಬ್ಬ ಆ ಕಡೆ ತಿರುಗಿದ್ದೇ ತಡ, ಪಾದಗಳು ಒಳಕೋಣೆಗೆ ಓಡಿದವು.

ಅವು ಅವನ ಮಗಳು ಜಸೀಲಾಳ ಪಾದಗಳು. ವಯಸ್ಸು ನಾಲ್ಕೂವರೆ. ಅವಳು ಹುಟ್ಟಿದಾಗ ಒಮ್ಮೆ, ಒಂದೂವರೆ ವರ್ಷದವಳಿದ್ದಾಗ ಒಮ್ಮೆ ಅವನು ಊರಿಗೆ ಹೋಗಿ ಬಂದಿದ್ದ. ಆಮೇಲೆ ವೀಸಾ ಕೊಟ್ಟ ಕಫೀಲ್ ಬದಲಾದ, ವಾಸದ ಪರವಾನಗಿ ಇಕಾಮಾದ ತಾಪತ್ರಯ ಬಂತು, ರಜೆ ಮುಂದೆ ಮುಂದೆ ಹೋಯಿತು. ಕೊನೆಗೆ ಮೂರು ತಿಂಗಳ ವಿಸಿಟ್ ವೀಸಾ ಮಾಡಿಸಿ, ಗೆಳೆಯರ ರೂಮು ಬಿಟ್ಟು ಸಣ್ಣದೊಂದು ಫ್ಲ್ಯಾಟ್ ಹಿಡಿದು, ಹೆಂಡತಿ ಮಗಳನ್ನು ಕರೆಸಿಕೊಂಡ. ಬಂದು ಇಪ್ಪತ್ತನಾಲ್ಕು ದಿನವಾಗಿತ್ತು. ಜೂನಿನಲ್ಲಿ ಊರಿನ ಶಾಲೆ ಶುರು, ಹಾಗಾಗಿ ಒಂದು ದಿನವೂ ಹೆಚ್ಚಿಗೆ ಸಿಗುವ ಹಾಗಿರಲಿಲ್ಲ. ಅಷ್ಟರೊಳಗೆ ಅವನಿಗೆ ಬೇಕಾಗಿದ್ದದ್ದು ಒಂದೇ. ಮಗಳು ಒಂದು ಸಲ ತನ್ನ ಮುಖ ನೋಡಿ 'ಉಪ್ಪ' ಅನ್ನಬೇಕು.

ಅವಳು ಉಪ್ಪ ಅನ್ನುತ್ತಲೇ ಇರಲಿಲ್ಲ ಎಂದಲ್ಲ. ದಿನಕ್ಕೆ ಹತ್ತು ಸಲ ಬಾಯಿ ತುಂಬ ಅನ್ನುತ್ತಿದ್ದಳು, ಫೋನಿಗೆ.

ಎಡವಿದ್ದು ಮೊದಲನೆಯ ದಿನವೇ. ಜಿದ್ದಾದ ವಿಮಾನ ನಿಲ್ದಾಣದಲ್ಲಿ ಅವನು ಎರಡೂ ಕೈ ಚಾಚಿದಾಗ ಮಗು ತಾಯಿಯ ಬುರ್ಖಾದ ಹಿಂದೆ ಅಡಗಿತು. ತಾಯಿಫಿನ ಮನೆಗೆ ಬಂದು, ಸ್ವಲ್ಪ ಹೊತ್ತು ಮಲಗಿ ಎದ್ದು, ಸಂಜೆ ನಾಲ್ಕೂವರೆಗೆ ಜಸೀಲಾ ಉಮ್ಮನ ಫೋನು ತೆಗೆದು ಎಂದಿನಂತೆ ವಿಡಿಯೋ ಕಾಲಿಗೆ ಉಪ್ಪನ ಫೋಟೋ ಒತ್ತಿದಳು. ಪಕ್ಕದ ಕೋಣೆಯಲ್ಲಿದ್ದ ಮೊಯಿದಿನಬ್ಬನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅವನು ಗಡಿಬಿಡಿಯಲ್ಲಿ ಮೆಟ್ಟಿಲಿಗೆ ಓಡಿ ಫೋನೆತ್ತಿದ. "ಉಪ್ಪ, ನಾವು ವಿಮಾನದಲ್ಲಿ ಬಂದೆವು. ನೀವು ಯಾವಾಗ ಬರುದು?" ಎಂದು ಮಗು ಕೇಳಿತು. ನಾನು ಇಲ್ಲೇ ಇದ್ದೇನೆ ಅನ್ನಬೇಕಾದವನು ಮೂರು ವರ್ಷದ ಅಭ್ಯಾಸಬಲದಿಂದ, "ಬರ್ತೇನೆ ಮಗಾ, ಬರ್ತೇನೆ" ಅಂದುಬಿಟ್ಟ. ಗಲ್ಫಿನ ಅಪ್ಪಂದಿರ ಬಾಯಲ್ಲಿ ಆ ಮಾತು ಸಲಾಮಿನಷ್ಟೇ ಸಲೀಸು.

ಸಬೀನಾ ಎಷ್ಟು ಹೇಳಿದರೂ ಮಗು ಒಪ್ಪಲಿಲ್ಲ. ಉಪ್ಪ ಫೋನಿನಲ್ಲಿ ಇರುವವರು. ಅವರ ಹಿಂದೆ ಹಸಿರು ಗೋಡೆ ಇರುತ್ತದೆ, ತಲೆಯ ಮೇಲೆ ಟೊಪ್ಪಿ ಇರುತ್ತದೆ. ಈ ಮನೆಯ ಉದ್ದದ ಬೋಳುತಲೆಯವರು ಯಾರೋ ಮಾಮ. ಮೊಯಿದಿನಬ್ಬ ಒಂದು ದಿನ ಟೊಪ್ಪಿ ಹಾಕಿಯೇ ಊಟಕ್ಕೆ ಕೂತ. "ಉಮ್ಮಾ, ಮಾಮ ಉಪ್ಪನ ಟೊಪ್ಪಿ ತೆಗ್ದಿದ್ದಾರೆ!" ಎಂದು ಮಗು ದೂರು ಹೇಳಿತು.

ಮೆಟ್ಟಿಲಿನ ಬಿಳಿ ಗೋಡೆ ಅವಳಿಗೆ ಹಿಡಿಸಿರಲಿಲ್ಲ. "ನಿಮ್ಮ ಹಸಿರು ಎಲ್ಲಿ ಹೋಯ್ತು?" ಎಂದು ರಗಳೆ ಮಾಡಿದ್ದಳು. ಮರುದಿನದಿಂದ ಮೊಯಿದಿನಬ್ಬ ಸಂಜೆ ನಾಲ್ಕೂಕಾಲಿಗೆ ಟೊಪ್ಪಿ ಕಿಸೆಯಲ್ಲಿಟ್ಟುಕೊಂಡು, ಗಲ್ಲಿ ದಾಟಿ, ತಾನು ಬಿಟ್ಟುಬಂದ ಹಳೆಯ ರೂಮಿಗೇ ಹೋಗಿ ಹಳೆಯ ಮಂಚದ ಮೇಲೆ ಕೂರತೊಡಗಿದ. ಹೆಂಡತಿ ಮಕ್ಕಳನ್ನು ಕರೆಸಿಕೊಂಡವನು ಅವರ ಜೊತೆ ಮಾತಾಡಲು ಬ್ಯಾಚುಲರ್ ರೂಮಿಗೆ ಹೋಗುವುದನ್ನು ತಾಯಿಫ್ ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ.

"ಎಂತ ಮಾರಾಯ, ಹೆಂಡತಿ ಊರಿಂದ ಬಂದ್ರೂ ನಿನಗೆ ಈ ಮುರುಕು ಮಂಚವೇ ಗತಿಯಾ?" ಎಂದು ನೋಣಯ ಕೆಣಕುತ್ತಿದ್ದ. ಮಲ್ಪೆಯ ಕಡೆಯ ನೋಣಯ ಏಸಿ ರಿಪೇರಿಯವನು, ಹನ್ನೊಂದು ವರ್ಷ ಅದೇ ಎರಡಂತಸ್ತಿನ ಮಂಚದ ಕೆಳಗಿನ ಹಾಸಿಗೆಯಲ್ಲಿ ಮಲಗಿದವನು. ಕೆಣಕಿದರೂ ನಾಲ್ಕೂವರೆಗೆ ಸರಿಯಾಗಿ ಟಿವಿಯ ಸದ್ದು ಕಡಿಮೆ ಮಾಡಿ, ಗೋಡೆಗೆ ನೇತುಹಾಕಿದ ತನ್ನ ಪ್ಯಾಂಟು ಶರ್ಟುಗಳನ್ನು ಪಕ್ಕಕ್ಕೆ ಸರಿಸಿ ಹಸಿರು ಕಾಣುವ ಹಾಗೆ ಮಾಡುತ್ತಿದ್ದ.

ಮೊಲದ ಸುದ್ದಿ ಬಂದದ್ದೂ ಆ ಮಂಚಕ್ಕೇ. ಯಾವುದೋ ವಿಡಿಯೋದಲ್ಲಿ ಫ್ರಾಕು ತೊಟ್ಟ ಉಲ್ಲನ್ ಮೊಲ ನೋಡಿದ್ದ ಜಸೀಲಾ, "ಉಪ್ಪ, ನೀವು ಬರುವಾಗ ಅದನ್ನು ತನ್ನಿ" ಎಂದಿದ್ದಳು. ಆ ಮೊಲ ಮಾಡುತ್ತಿದ್ದವನು ಮನೆಯ ಮಾಮ. ತಲೆ ಟೊಪ್ಪಿಯಾದ ದಿನ ಫೋನಿನಲ್ಲಿ ಪೂರ್ತಿ ವರದಿ ಬಂತು.

"ಉಪ್ಪ, ನಮ್ಮ ಮನೆಯಲ್ಲಿ ಒಬ್ಬರು ಮಾಮ ಇದ್ದಾರಲ್ಲ, ಅವರು ಮೊಲ ಮಾಡ್ತಾರೆ. ಅವರಿಗೆ ಬರುದೇ ಇಲ್ಲ."

"ಹೌದಾ? ಪಾಪ, ಕಲೀಲಿ ಬಿಡು," ಎಂದ ಮೊಯಿದಿನಬ್ಬ.

"ಮತ್ತೆ ಉಪ್ಪ, ಮೊಲಕ್ಕೆ ಒಂದು ಬೆಕ್ಕಿನ ಮರಿ ಬೇಕು. ಮೆಟ್ಟಿಲಲ್ಲಿ ಉಂಟಲ್ಲ, ಬೂದಿ ಬಣ್ಣದ್ದು, ಅಂಥದ್ದು. ಮೊಲಕ್ಕೆ ಒಬ್ಬಳಿಗೇ ಹೆದರಿಕೆ ಆಗ್ತದೆ. ಫ್ರಾಕಿಗೆ ಕಿಸೆ ಬೇಕು. ಬೆಕ್ಕು ಕಿಸೆಯಲ್ಲಿ ಕೂತ್ಕೊಳ್ಬೇಕು."

ಮಗು ಎಂದಿನಂತೆ ಗಾಜಿಗೆ ಮುತ್ತು ಕೊಟ್ಟು ಫೋನಿಟ್ಟಿತು. ಮೊಯಿದಿನಬ್ಬನಿಗೆ ತನ್ನ ಮೇಲೆಯೇ ಹೊಟ್ಟೆಕಿಚ್ಚು. ಫೋನಿನಲ್ಲಿರುವ ಆ ಮನುಷ್ಯ ಏನೂ ಮಾಡುವುದಿಲ್ಲ, ಒಂದು ತುತ್ತು ಉಣಿಸುವುದಿಲ್ಲ, ಚಪ್ಪಲಿಯ ಪಟ್ಟಿ ಹಾಕಿಕೊಡುವುದಿಲ್ಲ, ಆದರೂ ಪ್ರೀತಿಯೆಲ್ಲ ಅವನಿಗೇ ಸಿಗುತ್ತಿತ್ತು.

"ಮೊಲದ ಕಿಸೆಯಲ್ಲಿ ಬೆಕ್ಕಾ?" ಎಂದ ನೋಣಯ. "ನಿನ್ನ ಮಗಳಿಗೆ ಬೆಕ್ಕು ಎಂತ ತಿಂತದೆ ಅಂತ ಗೊತ್ತಿಲ್ಲ ಕಾಣ್ತದೆ."

ಆ ಶುಕ್ರವಾರ ನೋಣಯ ತನ್ನ ಕಾರಿನಲ್ಲಿ ಎಲ್ಲರನ್ನೂ ಹದಾ ಬೆಟ್ಟಕ್ಕೆ ಕರೆದುಕೊಂಡು ಹೋದ. ರಸ್ತೆಯ ಕಟ್ಟೆಯ ಮೇಲೆ ಮಂಗಗಳು ಸಾಲಾಗಿ ಕೂತಿದ್ದವು. ಜಸೀಲಾಳ ಕೈಯ ಬಾಳೆಹಣ್ಣಿಗೆ ಒಂದು ದೊಡ್ಡ ಮಂಗ ಕೈ ಹಾಕಿತು. ಮಗು ಕಿರಿಚಿ ಓಡಿತು. ಮೊಯಿದಿನಬ್ಬ ಎದುರಿಗೇ ಇದ್ದ, ಬಗ್ಗಿ ಕೈಯನ್ನೂ ಚಾಚಿದ್ದ. ಅವಳು ಅವನ ಕೈಯ ಪಕ್ಕದಲ್ಲೇ ಹಾದುಹೋಗಿ, ಅಂದಷ್ಟೇ ಪರಿಚಯವಾದ ನೋಣಯನ ಕಾಲು ತಬ್ಬಿಕೊಂಡಳು. ನೋಣಯನ ಮುಖ ಸಣ್ಣದಾಯಿತು. "ಮಕ್ಕಳಿಗೆ ಎಂತ ಗೊತ್ತಾಗ್ತದೆ ಮಾರಾಯ," ಎಂದು ತಾನೇ ತಪ್ಪು ಮಾಡಿದವನ ಹಾಗೆ ತಡವರಿಸಿದ. ಮೊಯಿದಿನಬ್ಬ ನಕ್ಕ. ಮನೆಗೆ ಬರುವ ತನಕ ಕಾರಿನ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಲಿಲ್ಲ.

ಅಂದು ಸಂಜೆಯೂ ಅವನು ನಾಲ್ಕೂಕಾಲಿಗೆ ಹೊರಟಾಗ ಸಬೀನಾ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಹೋಗ್ಬೇಡಿ. ನೀವು ದಿನಾ ಓಡಿ ಹೋಗಿ ಫೋನಲ್ಲಿ ಕೂತ್ರೆ ಅವಳಿಗೆ ಇಲ್ಲಿರುವ ನೀವು ಯಾಕೆ ಬೇಕು? ಹೇಳಿ."

"ಅದರಲ್ಲಾದ್ರೂ ಉಪ್ಪ ಅಂತಾಳಲ್ಲ ಸಬೀನಾ."

"ಮತ್ತೆ ನಾವು ಊರಿಂದ ಇಲ್ಲಿವರೆಗೆ ಬಂದದ್ದು ಎಂತಕ್ಕೆ? ಫೋನು ಅಲ್ಲಿಯೂ ಇತ್ತು."

ಅವಳು ಹೇಳಿದ್ದು ಅಕ್ಷರಶಃ ನಿಜ ಎಂದು ಮೊಯಿದಿನಬ್ಬನಿಗೂ ಗೊತ್ತಿತ್ತು. ಆದರೆ ಇರುವುದೊಂದನ್ನೂ ಬಿಟ್ಟುಕೊಟ್ಟು, ಮನೆಯಲ್ಲೂ ಆ ಮಾತು ಸಿಗದಿದ್ದರೆ? ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.

ಆದರೂ ಹೆಣಿಗೆ ಬಿಡಲಿಲ್ಲ. ಡ್ಯೂಟಿ ಮುಗಿಸಿ ಬಂದು, ಫೋನಿನ ಪಾಳಿಯನ್ನೂ ಮುಗಿಸಿ, ಹಾಲಿನ ಕಾರ್ಪೆಟ್ಟಿನ ಮೇಲೆ ದಿಂಬಿಗೆ ಒರಗಿ ಕೂರುತ್ತಿದ್ದ. ಯಾವುದೋ ದೇಶದ ಮುದುಕಿಯೊಬ್ಬಳು ಮಾತೇ ಇಲ್ಲದ ವಿಡಿಯೋದಲ್ಲಿ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡುವುದನ್ನು ತೋರಿಸಿದ್ದಳು. ಅದನ್ನು ಹಿಂದೆ ಮುಂದೆ ಓಡಿಸಿ ನೋಡಿ, ಹೆಣೆದು, ಬಿಚ್ಚಿ, ಮತ್ತೆ ಹೆಣೆದ. ಎರಡನೆಯ ತಲೆಯೂ ಟೊಪ್ಪಿಯಾಯಿತು. ಜಸೀಲಾ ಆ ಎರಡೂ ತಲೆಗಳನ್ನು ಒಯ್ದು ಒಂದನ್ನು ಚಹಾದ ಫ್ಲಾಸ್ಕಿಗೆ, ಇನ್ನೊಂದನ್ನು ಅಡುಗೆಮನೆಯ ಸಕ್ಕರೆ ಡಬ್ಬಿಗೆ ತೊಡಿಸಿದಳು. ಮೂರನೆಯದು ಕೆಳಗೆ ಕಿರಿದಾಗುತ್ತ, ಕಿರಿದಾಗುತ್ತ, ಒಂದು ಬೆರಳು ಹೋಗುವಷ್ಟು ಬಾಯಿ ಉಳಿಸಿಕೊಂಡು ನಿಂತಿತು.

ಅದಕ್ಕೆ ಹತ್ತಿ ತುಂಬಬೇಕು. ಹಳೆಯ ದಿಂಬಿನ ಹತ್ತಿ ತೆಗೆದು ಅವನು ತುರುಕಿದ. ಅವನ ದಪ್ಪ ಬೆರಳು ತೂತಿನಲ್ಲೇ ಸಿಕ್ಕಿಕೊಂಡಿತು.

"ಹಾಗಲ್ಲ," ಎಂದಿತು ಪರದೆಯ ಹಿಂದಿನ ಧ್ವನಿ.

ಮೊಯಿದಿನಬ್ಬ ತಲೆಯೆತ್ತಲಿಲ್ಲ. ಮೆಟ್ಟಿಲಿನ ಬೆಕ್ಕನ್ನು ಹತ್ತಿರ ಕರೆಯುವಾಗ ಅದರ ಕಣ್ಣು ನೋಡಬಾರದು ಎಂದು ಇದೇ ಮಗು ಫೋನಿನಲ್ಲಿ ಅವನಿಗೆ ಹೇಳಿಕೊಟ್ಟಿತ್ತು. ಅವನು ಮೊಲದ ತಲೆಯನ್ನು ತನ್ನಿಂದ ಒಂದು ಗೇಣು ದೂರ ಇಟ್ಟು, ಪಕ್ಕದಲ್ಲಿ ಹತ್ತಿಯ ಉಂಡೆಯನ್ನೂ ಇಟ್ಟು, ಕಿವಿ ಹೆಣೆಯತೊಡಗಿದ. ಸ್ವಲ್ಪ ಹೊತ್ತಿಗೆ ಕಾರ್ಪೆಟ್ಟಿನ ಆ ತುದಿಯಲ್ಲಿ ಒಂದು ಸಣ್ಣ ಮೈ ಕೂತಿತು. ಪುಟ್ಟ ಬೆರಳು ಹತ್ತಿಯನ್ನು ಚೂರು ಚೂರೇ ತೂತಿನೊಳಕ್ಕೆ ತಳ್ಳಿತು. ಅವತ್ತು ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಡುಗೆಮನೆಯಿಂದ ಸಬೀನಾ ಇಣುಕಿ ನೋಡಿ ಪಾತ್ರೆಗಳ ಸದ್ದಾಗದ ಹಾಗೆ ಕೆಲಸ ಮಾಡಿದಳು.

ಆಮೇಲಿನ ದಿನಗಳಲ್ಲಿ ಮಾತು ಬಂತು. "ಮಾಮ, ಇಲ್ಲಿ ಹತ್ತಿ ಕಡಿಮೆ ಆಯ್ತು." "ಮಾಮ, ಮೂಗು ಸೊಟ್ಟ ಉಂಟು." "ಮಾಮ, ಫ್ರಾಕು ಗುಲಾಬಿ ಬಣ್ಣದ್ದೇ ಆಗ್ಬೇಕು." ಗುಲಾಬಿ ಉಲ್ಲನ್ನಿಗಾಗಿ ಅವನು ಪೇಟೆಯೆಲ್ಲ ಅಲೆದ. ಫ್ರಾಕಿಗೆ ನೆರಿಗೆ ಬಂತು, ಕುತ್ತಿಗೆಗೆ ಬಿಳಿ ಅಂಚು ಬಂತು, ಮುಂದೆ ಒಂದು ಕಿಸೆಯೂ ಬಂತು. ಕಿಸೆ ನೋಡಿ ಜಸೀಲಾ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಅವನು ಬೂದಿ ಬಣ್ಣದ ನೂಲು ತೆಗೆದು ಹೆಬ್ಬೆರಳಿನಷ್ಟು ದೊಡ್ಡದೊಂದು ತಲೆ, ಅದಕ್ಕೆ ಎರಡು ಚೂಪು ಕಿವಿ ಮಾಡಿದಾಗಲಂತೂ ಅವಳು ಅವನನ್ನೇ ನೋಡುತ್ತ ಕೂತಳು. ಅವಳು ಅವನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಮರುದಿನದ ಕರೆಯಲ್ಲಿ ಅವಳ ಧ್ವನಿ ತಗ್ಗಿತ್ತು.

"ಉಪ್ಪ, ಬೆಕ್ಕಿನದ್ದು ನೀವು ಆ ಮಾಮನಿಗೆ ಹೇಳಿದ್ರಾ?"

"ಹೂಂ," ಎಂದ.

"ನಿಮಗೆ ಅವರ ಗುರ್ತ ಉಂಟಾ?"

"ಸ್ವಲ್ಪ ಉಂಟು."

"ಅವರು ಒಳ್ಳೆಯವರು ಉಪ್ಪ. ಮೀನಿನ ಮುಳ್ಳು ತೆಗೆದು ಕೊಡ್ತಾರೆ." ಜಸೀಲಾ ಫೋನನ್ನು ಮುಖಕ್ಕೆ ತೀರಾ ಹತ್ತಿರ ತಂದಳು. ಪರದೆಯ ತುಂಬ ಒಂದು ಕಣ್ಣು ಮಾತ್ರ ಕಂಡಿತು. "ಉಪ್ಪ, ನೀವು ಬಂದ್ರೆ ಅವರು ಎಲ್ಲಿ ಹೋಗುದು?"

ಅವನು ತಲೆಯ ಟೊಪ್ಪಿ ಸರಿಮಾಡಿಕೊಂಡ.

"ನೀವು ಈಗ ಬರುದು ಬೇಡ, ಆಯ್ತಾ? ಅವರಿಗೆ ಮನೆ ಇಲ್ಲ ಕಾಣ್ತದೆ. ಇಲ್ಲಿಯೇ ಇರ್ಲಿ. ನೀವು ಅಲ್ಲಿಯೇ ಇರಿ ಉಪ್ಪ."

ಗಾಜಿಗೆ ಮುತ್ತು ಬಿತ್ತು. ಫೋನು ಕತ್ತಲಾಯಿತು.

ನೋಣಯ ಟಿವಿಯ ಸದ್ದು ಏರಿಸಲಿಲ್ಲ. ಎದ್ದು ಬಂದು ಕೆಳಗಿನ ಮಂಚದಲ್ಲಿ ಕೂತ. ಮೇಲಿನ ಮಂಚದಿಂದ ಇಳಿಬಿದ್ದ ಗೆಳೆಯನ ಕಾಲು ಅವನ ಮುಖದ ಎದುರಿಗೇ ಇತ್ತು.

"ಅಳುದಾ ನಗುದಾ, ಒಂದು ಹೇಳು ಮಾರಾಯ," ಎಂದ.

"ನನಗೇ ಗೊತ್ತಾಗುದಿಲ್ಲ," ಎಂದ ಮೊಯಿದಿನಬ್ಬ. ಅವನಿಗೆ ಎರಡೂ ಒಟ್ಟಿಗೇ ಬರುತ್ತಿತ್ತು. ಮಗಳು ಉಪ್ಪನನ್ನು ಬೇಡ ಎಂದಿದ್ದಳು, ಅದೂ ಮಾಮನಾದ ಅವನಿಗಾಗಿ. ಇದಕ್ಕಿಂತ ಹೆಚ್ಚು ಪ್ರೀತಿಯ ಮಾತನ್ನು ಯಾರೂ ಅವನ ಬಗ್ಗೆ ಆಡಿದ್ದಿಲ್ಲ. ಇದಕ್ಕಿಂತ ಹೆಚ್ಚು ನೋವಾಗುವ ಮಾತನ್ನೂ ಅವನು ಕೇಳಿರಲಿಲ್ಲ.

"ಹೋಗು ಮನೆಗೆ," ಎಂದ ನೋಣಯ. "ಈ ಗೋಡೆಗೆ ನಾನು ನಾಳೆ ಪೈಂಟ್ ಹೊಡಿಸ್ತೇನೆ. ಕೆಂಪು."

ಮರುದಿನ ಶನಿವಾರ, ಅವನಿಗೆ ರಜೆ. ಮಧ್ಯಾಹ್ನದ ಊಟ ಆದಮೇಲೆ ಬೆಕ್ಕಿನ ಕೆಲಸಕ್ಕೆ ಕೂತರು. ಮೊಲ ಗುಲಾಬಿ ಫ್ರಾಕು ತೊಟ್ಟು ದಿಂಬಿಗೆ ಒರಗಿ ಕಾಯುತ್ತಿತ್ತು. ಬೆಕ್ಕಿಗೆ ಮೈ ಆಯಿತು, ನಾಲ್ಕು ಕಾಲು ಆಯಿತು, ಕಪ್ಪು ನೂಲಿನ ಮೀಸೆ ಆಯಿತು. ಜಸೀಲಾ ಮೊದಲು ಪಕ್ಕದಲ್ಲಿ ಕೂತಿದ್ದಳು. ಆಮೇಲೆ ಸರಿಯಾಗಿ ಕಾಣುವುದಿಲ್ಲ ಎಂದು ಅವನ ತೊಡೆಗೆ ಒರಗಿದಳು. ಮೀಸೆ ಹಾಕುವ ಹೊತ್ತಿಗೆ, ಅದೊಂದು ಕುರ್ಚಿಯೋ ಎಂಬಂತೆ, ಅವನ ಮಡಿಲೊಳಗೆ ಹತ್ತಿ ಕೂತು ಬೆನ್ನನ್ನು ಅವನ ಎದೆಗೆ ಆನಿಸಿದಳು. ಮೊಯಿದಿನಬ್ಬ ಉಸಿರನ್ನೂ ಅಳೆದು ಬಿಡುತ್ತಿದ್ದ. ಕೊಬ್ಬರಿ ಎಣ್ಣೆಯ ವಾಸನೆಯ ಪುಟ್ಟ ತಲೆ ಅವನ ಗದ್ದದ ಕೆಳಗೇ ಇತ್ತು.

ಇಳಿಹೊತ್ತಿನ ಅಸರ್ ನಮಾಜನ್ನು ಅವನು ಹೇಗೋ ಮುಗಿಸಿ ಬಂದು ಕೂತದ್ದೇ ಅವಳು ಮತ್ತೆ ಮಡಿಲು ಹತ್ತಿದಳು. ನಾಲ್ಕೂಕಾಲಾಯಿತು. ಸಬೀನಾ ಅಡುಗೆಮನೆಯ ಬಾಗಿಲಿಗೆ ಬಂದು ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು. ಎದ್ದು ಹೋಗಬೇಕಾದರೆ ಮಗುವನ್ನು ಮಡಿಲಿನಿಂದ ಇಳಿಸಬೇಕು. ಮೊಯಿದಿನಬ್ಬ ಇಲ್ಲ ಎಂಬಂತೆ ತಲೆಯಾಡಿಸಿದ. ಫೋನಿನಲ್ಲಿ ಇನ್ನು ಯಾರೂ ಉಪ್ಪ ಅನ್ನದಿದ್ದರೆ ಅನ್ನದಿರಲಿ, ಮಾಮ ಎಂದೇ ಕರೆಯಲಿ, ಅವನು ಏಳುವವನಲ್ಲ.

ಜಸೀಲಾಳಿಗೆ ಗಡಿಯಾರ ಓದಲು ಬರುತ್ತಿರಲಿಲ್ಲ, ಆದರೆ ಉಪ್ಪನ ಹೊತ್ತು ಗೊತ್ತಿತ್ತು. ಮಡಿಲಿನಿಂದ ಇಳಿಯದೆಯೇ ಕೈ ಚಾಚಿ ಕಾರ್ಪೆಟ್ಟಿನ ಮೇಲಿದ್ದ ಉಮ್ಮನ ಫೋನು ಎಳೆದುಕೊಂಡಳು. "ಬೆಕ್ಕಿಗೆ ಮೀಸೆ ಬಂತು ಅಂತ ಹೇಳ್ತೇನೆ," ಎಂದು ಫೋಟೋ ಒತ್ತಿದಳು.

ಅವಳ ಬೆನ್ನಿನ ಹಿಂದೆ, ಅವನ ಅಂಗಿಯ ಕಿಸೆಯಲ್ಲಿ, ಫೋನು ನಡುಗತೊಡಗಿತು.

ಜಸೀಲಾ ಬೆನ್ನನ್ನು ಈಚೆಗೆ ತೆಗೆದಳು. ತಿರುಗಿ ಕಿಸೆಯನ್ನು ನೋಡಿದಳು. ಉಮ್ಮನ ಫೋನಿನ ಕೆಂಪು ಗುಂಡಿ ಒತ್ತಿದಳು. ಕಿಸೆ ಸುಮ್ಮನಾಯಿತು. ಮತ್ತೆ ಫೋಟೋ ಒತ್ತಿದಳು. ಕಿಸೆ ನಡುಗಿತು. ಕೆಂಪು ಒತ್ತಿದಳು. ಸುಮ್ಮನಾಯಿತು. ಮೂರನೆಯ ಸಲ ಒತ್ತಿ, ಈ ಬಾರಿ ಕಿಸೆಗೆ ಕಿವಿಯಿಟ್ಟು ಕೇಳಿದಳು. ಆಮೇಲೆ ಎರಡು ಬೆರಳು ಹಾಕಿ ಫೋನನ್ನು ಹೊರಗೆಳೆದಳು. ಅದರಲ್ಲಿ ಶಾಲೆಯ ಬ್ಯಾಗು ಹಾಕಿಕೊಂಡು ನಿಂತ ಅವಳದೇ ಫೋಟೋ ಇತ್ತು.

"ಇದು ನಾನು," ಎಂದಳು.

"ಹೂಂ."

ಅವಳು ಅವನ ಮುಖ ನೋಡಿದಳು. ಬಾಗಿಲಲ್ಲಿ ಸಬೀನಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಜಸೀಲಾ ಒಂದು ಬೆರಳು ಎತ್ತಿ, ಪರದೆಯ ಮೇಲೆ ಒತ್ತುವ ಹಾಗೆಯೇ ಅವನ ಕೆನ್ನೆಯನ್ನು ಒತ್ತಿದಳು. ಕೆನ್ನೆ ಒಳಗೆ ಹೋಯಿತು. ಬೆರಳು ತೆಗೆದಳು, ಹೊರಗೆ ಬಂತು. ಇನ್ನೊಂದು ಕೆನ್ನೆಯನ್ನೂ ಒತ್ತಿ ನೋಡಿದಳು. ಗಡ್ಡವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿದಳು. ಫೋನು ಬಡಿದುಕೊಂಡು ಬಡಿದುಕೊಂಡು ತಾನಾಗಿ ನಿಂತಿತು.

ಅವಳು ಎರಡೂ ಫೋನುಗಳನ್ನು ಕವುಚಿ ಪಕ್ಕಕ್ಕೆ ಇಟ್ಟಳು. ಮತ್ತೆ ತಿರುಗಿ, ಬೆನ್ನು ಆನಿಸಿ, ಬೆಕ್ಕನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಬಾಲ ಹಾಕಿ ಉಪ್ಪ. ಇದಕ್ಕೆ ಬಾಲವೇ ಇಲ್ಲ."

ಮೊಯಿದಿನಬ್ಬ ಸೂಜಿ ತೆಗೆದುಕೊಂಡ. ಬೂದಿ ಬಣ್ಣದ ನೂಲನ್ನು ಅದರ ಕಣ್ಣಿಗೆ ಪೋಣಿಸಲು ನೋಡಿದ. ಒಮ್ಮೆ ತಪ್ಪಿತು, ಇನ್ನೊಮ್ಮೆ ತಪ್ಪಿತು, ಮೂರನೆಯ ಸಲ ನೂಲಿನ ತುದಿ ಎರಡಾಗಿ ಸೀಳಿತು. ಜಸೀಲಾ ಅವನ ಬೆರಳುಗಳಿಂದ ನೂಲನ್ನು ಬಿಡಿಸಿಕೊಂಡು, ತುದಿಯನ್ನು ತನ್ನ ಬಾಯಲ್ಲಿಟ್ಟು ಒದ್ದೆ ಮಾಡಿ, ಚೂಪಾಗಿಸಿ, ತಿರುಗಿ ಅವನ ಕೈಯಲ್ಲಿಟ್ಟಳು.